ಅಣ್ಣ ಕಟ್ಟಿದ ಬುತ್ತಿ

ಈ ಏಪ್ರಿಲಿನಲ್ಲಿ ಸುಳ್ಯದಿಂದ ಮೊಮ್ಮಗಳನ್ನು ಕರೆದುಕೊಂಡು ಪುತ್ತೂರಿಗೆ ಬರುತ್ತಿದ್ದೆ. ಬೆಳ್ಳಾರೆಯಲ್ಲಿ ಒಬ್ಬರು ಗೋಣಿಚೀಲ ಹೊತ್ತು ಬಸ್ಸು ಹತ್ತಿ, ಚೀಲವನ್ನು ನಮ್ಮ ಸೀಟಿನ ಪಕ್ಕಕ್ಕೇ ಒರಗಿಸಿದರು. ಮುಂದಿನ ಸೀಟಿನ ಹೆಂಗಸು ಕೂಡಲೇ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಮರಕ್ಕೆ ಕಟ್ಟಿದ ಚಿಪ್ಪಿನಲ್ಲಿ ರಬ್ಬರ್ ಹಾಲು ಒಣಗಿ ಅಂಟಿಕೊಳ್ಳುತ್ತದಲ್ಲ, ಅದನ್ನು ಕಿತ್ತು ತುಂಬಿದ ಚೀಲ ಅದು. ಆ ವಾಸನೆಯನ್ನು ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಹುಳಿ ಬಂದ ಹಿಟ್ಟನ್ನು ಒದ್ದೆ ಚರ್ಮದಲ್ಲಿ ಸುತ್ತಿ ಬಿಸಿಲಿಗೆ ಇಟ್ಟ ಹಾಗೆ.

"ಅಜ್ಜಿ, ಎಂತದು ಇಷ್ಟು ನಾರುದು?" ಎಂದಳು ಮೊಮ್ಮಗಳು.

"ರಬ್ಬರ್" ಎಂದೆ. ಕಿಟಕಿ ಪೂರ್ತಿ ತೆರೆದು ಅವಳನ್ನು ಆ ಬದಿಗೆ ಕೂರಿಸಿ, ನಾನು ಚೀಲದ ಬದಿಗೆ ಸರಿದೆ. ನನಗೆ ಅದು ನಾತವಲ್ಲ. ನನ್ನ ಅಣ್ಣ ಮನೆಯೊಳಗೆ ಬಂದರೆ ಅವನಿಗಿಂತ ಮೊದಲು ಬರುತ್ತಿದ್ದ ವಾಸನೆ ಅದು...

ಅಣ್ಣ ಕಡಬದ ಆಚೆ ಬೇರೆಯವರ ತೋಟದಲ್ಲಿ ರಬ್ಬರ್ ಮರ ಕೆತ್ತಿ ಹಾಲು ತೆಗೆಯುತ್ತಿದ್ದ. ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ಹೋಗುವ ಕೆಲಸ. ಮದುವೆ ಆಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ಈ ಕೈಯಲ್ಲಿ ತಾಳಿ ಕಟ್ಟಿದ್ರೆ ಹುಡುಗಿ ಮಂಟಪದಲ್ಲೇ ತಲೆ ತಿರುಗಿ ಬೀಳ್ತಾಳೆ" ಎನ್ನುತ್ತಿದ್ದ. ಸೋಪು, ಹುಣಸೆಹುಳಿ, ಲಿಂಬೆಸಿಪ್ಪೆ, ಯಾವುದರಿಂದ ಉಜ್ಜಿದರೂ ಅವನ ಕೈಯಿಂದ ಆ ವಾಸನೆ ಪೂರ್ತಿ ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ಅವನು ತನ್ನ ಅಡುಗೆ ತಾನೇ ಮಾಡಿ, ತನ್ನ ಬುತ್ತಿ ತಾನೇ ಕಟ್ಟಿಕೊಂಡು ತೋಟಕ್ಕೆ ಹೋಗುತ್ತಿದ್ದ.

ನಾನು ಏಳನೆಯ ತರಗತಿವರೆಗೆ ಶಾಲೆಗೆ ಹೋದವಳು. ಅವನು ಅಷ್ಟೂ ಇಲ್ಲ. ನಾನು ಹೊಲಿಗೆ ಕಲಿತೆ, ಮದುವೆಯಾಗಿ ಪುತ್ತೂರಿಗೆ ಬಂದೆ, ದರ್ಬೆಯಲ್ಲಿ ಒಂದು ಸಣ್ಣ ಕೋಣೆ ಹಿಡಿದು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಮಾಡಿದೆ. ಯಜಮಾನರು ಮಂಗಳೂರಿನ ಹೋಟೆಲಿನಲ್ಲಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಹೊಲಿಗೆಯಲ್ಲಿ ನನ್ನ ಕೈ ಒಳ್ಳೆಯದು ಎಂದು ಹೆಸರಾಯಿತು. ವಕೀಲರ ಮನೆಯವರು, ಬ್ಯಾಂಕಿನವರು, ಡಾಕ್ಟರುಗಳ ಹೆಂಡತಿಯರು ರವಿಕೆ ಹೊಲಿಸಲು ನನ್ನಲ್ಲಿಗೇ ಬರತೊಡಗಿದರು. ಅವರ ಎದುರು ಅಳತೆಪಟ್ಟಿ ಹಿಡಿದು ನಿಂತಾಗ ಮಾತು ಹೇಗಿರಬೇಕು, ನಗು ಎಷ್ಟಿರಬೇಕು ಎಂದು ನಾನೇ ನೋಡಿ ನೋಡಿ ಕಲಿತುಕೊಂಡೆ. ಮನೆಯಲ್ಲಿ ನಮ್ಮದು ಅರೆಭಾಷೆ, ಸುಳ್ಯದ ಕಡೆಯ ಹಳ್ಳಿಮಾತು. ಅಂಗಡಿಯಲ್ಲಿ ಅದು ನನ್ನ ಬಾಯಿಂದ ಹೊರಗೆ ಬರದ ಹಾಗೆ ನೋಡಿಕೊಳ್ಳುತ್ತಿದ್ದೆ. (ಅಣ್ಣನ ಮಾತನ್ನು ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.)

ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಕ್ಯಾಂಪ್ ಮಾಡುವುದು ಆಗಷ್ಟೇ ನಮ್ಮ ಪೇಟೆಗೆ ಬಂದಿತ್ತು. ಚಿತ್ರ, ಹಾಡು, ನಾಟಕ, ಮಣ್ಣಿನ ಬೊಂಬೆ. ನನ್ನ ಗಿರಾಕಿಗಳ ಮಕ್ಕಳೆಲ್ಲ ಹೋಗುತ್ತಾರೆ ಎಂದು ಗೊತ್ತಾದಾಗ ನನ್ನ ಮಗಳೂ ಹೋಗಬೇಕು ಎಂದು ಹಟ ಹಿಡಿದವಳು ನಾನು, ಮಗಳಲ್ಲ. ಅವಳು ಆಗ ಮೂರನೆಯ ತರಗತಿ ಮುಗಿಸಿದ್ದಳು. ಬೆಳಿಗ್ಗೆ ಹೋದರೆ ಸಂಜೆ ಬರುವುದು. ಮಧ್ಯಾಹ್ನದ ಊಟ ಮನೆಯಿಂದಲೇ ತರಬೇಕು, ಪ್ಯಾಕೆಟಿನ ತಿಂಡಿ ಕೂಡದು, ಮಕ್ಕಳು ಸುತ್ತ ಕೂತು ಹಂಚಿಕೊಂಡು ತಿನ್ನಬೇಕು ಎಂದು ನಿಯಮ.

ಏಪ್ರಿಲ್ ಮೇ ಎಂದರೆ ಮದುವೆಯ ಕಾಲ. ರವಿಕೆಯ ರಾಶಿ ನನ್ನ ತಲೆಗಿಂತ ಎತ್ತರ. ಅಂಗಡಿಯಲ್ಲಿ ಮುಗಿಯದ್ದನ್ನು ಮನೆಗೆ ತಂದು, ಅಲ್ಲಿದ್ದ ಇನ್ನೊಂದು ಮಿಶನಿನಲ್ಲಿ ಹೊಲಿಯುತ್ತಿದ್ದೆ. ಬೆಳಿಗ್ಗೆ ಎದ್ದು ದಿನಕ್ಕೊಂದು ಬಗೆ ಮಾಡಿ ಡಬ್ಬಿ ತುಂಬುವುದು ನನ್ನಿಂದ ಆಗುವ ಮಾತಾಗಿರಲಿಲ್ಲ. ಆಗ ಅಣ್ಣನ ನೆನಪಾಯಿತು. ಎಲೆ ಉದುರಿ, ಹಾಲು ಕಡಿಮೆಯಾಗಿ, ಬೇಸಿಗೆಯಲ್ಲಿ ರಬ್ಬರ್ ಮರಕ್ಕೆ ರಜೆ. ಮರಕ್ಕೆ ರಜೆ ಎಂದರೆ ಅಣ್ಣನಿಗೂ ರಜೆ.

"ಬರ್ತೇನೆ ಬಿಡು ಗೂಡೆ" ಎಂದ ಫೋನಿನಲ್ಲಿ. ಗೂಡೆ ಎಂದರೆ ನಮ್ಮಲ್ಲಿ ಹುಡುಗಿ. ನನಗೆ ಮದುವೆಯಾಗಿ ಮಗಳು ಹುಟ್ಟಿದರೂ ಅವನಿಗೆ ನಾನು ಗೂಡೆಯೇ.

ಅವನು ಬಂದ ಮರುದಿನದಿಂದ ನನ್ನ ಅಡುಗೆಕೋಣೆ ಅವನದ್ದಾಯಿತು. ಇವತ್ತು ನನ್ನ ಬೀದಿಯ ತಾಯಂದಿರು, ಮಕ್ಕಳ ಡಬ್ಬಿಗೆ ಏನು ಹಾಕುವುದು ಎಂದು ನನ್ನನ್ನು ಕೇಳುತ್ತಾರೆ. ನಾನು ಗಟ್ಟಿಯಾಗಿಯೇ ಹೇಳುತ್ತೇನೆ, ನನಗೆ ಅದರಲ್ಲಿ ಸಂಶಯವಿಲ್ಲ. ಸೆಕೆಯ ದಿನಗಳಲ್ಲಿ ಹಸಿ ತೆಂಗಿನಕಾಯಿ ಹಾಕಿದ ಯಾವುದನ್ನೂ ಕಟ್ಟಬೇಡಿ, ಕಾಯಿ ಹಾಕಲೇಬೇಕಾದರೆ ಕೆಂಪಗೆ ಹುರಿದು ಹಾಕಿ. ಬಿಸಿ ಆರುವ ಮೊದಲು ಮುಚ್ಚಳ ಹಾಕಬೇಡಿ, ಡಬ್ಬಿ ಒಳಗೇ ಬೆವರಿ ಅನ್ನ ಹಳಸುತ್ತದೆ. ಮೊಸರನ್ನ ಕಟ್ಟುವುದಾದರೆ ಅನ್ನಕ್ಕೆ ಹಾಲು ಹಾಕಿ, ಮೊಸರು ಒಂದು ಚಮಚ ಸಾಕು. ಮಗು ಮುಚ್ಚಳ ತೆಗೆಯುವಾಗ ಅದು ತಾನಾಗಿ ಮೊಸರನ್ನ ಆಗಿರುತ್ತದೆ. ಗೊಜ್ಜು, ಸಾರು ಬೇಡ. ಮಗು ಮಾತಾಡುತ್ತಾ ಆಟವಾಡುತ್ತಾ ಒಂದೇ ಕೈಯಲ್ಲಿ ತಿನ್ನುವಂಥದ್ದು ಇರಲಿ.

ಇದೆಲ್ಲ ಅವನ ಮಾತು. ನಾನು ಬರೀ ದಾಟಿಸುವವಳು.

"ಒಂದೇ ಅಕ್ಕಿ, ದಿನಕ್ಕೊಂದು ವೇಷ" ಎನ್ನುತ್ತಿದ್ದ. ಮೊದಲ ದಿನ ನೀರುದೋಸೆ, ಕರವಸ್ತ್ರದ ಹಾಗೆ ಮಡಚಿ ಒಳಗೆ ಬೆಲ್ಲ, ಹುರಿದ ಎಳ್ಳು. ಇನ್ನೊಂದು ದಿನ ಅದೇ ಅಕ್ಕಿಯನ್ನು ಅರೆದು, ಹಿಟ್ಟು ಬಾಣಲೆಯಲ್ಲಿ ಕಾಯಿಸಿ, ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ಹಬೆಯಲ್ಲಿ ಬೇಯಿಸಿ, ಸಾಸಿವೆ ಒಗ್ಗರಣೆಯಲ್ಲಿ ಹೊರಳಿಸಿದ ಪುಂಡಿ. ಮತ್ತೊಂದು ದಿನ ಒತ್ತುಶ್ಯಾವಿಗೆ, ಲಿಂಬೆಹುಳಿ ಹಿಂಡಿದ್ದು. ಹಲಸಿನ ಹಣ್ಣು ಸಿಕ್ಕಿದ ದಿನ ಅದನ್ನು ಅಕ್ಕಿಯ ಜೊತೆ ಅರೆದು ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಗಟ್ಟಿ. "ಮಕ್ಕಳಿಗೆ ರುಚಿ ಬೇಜಾರು ಬರುದಲ್ಲ ಗೂಡೆ, ಆಕಾರ ಬೇಜಾರು ಬರುದು. ಉಂಡೆ ಇದ್ದದ್ದನ್ನು ಉದ್ದ ಮಾಡು, ಉದ್ದ ಇದ್ದದ್ದನ್ನು ಮಡಚು, ಮುಗಿಯಿತು."

ಮಗಳು ಬೆಳಿಗ್ಗೆ ಹಲ್ಲುಜ್ಜುತ್ತಲೇ ಬಂದು, "ಮಾವ, ಇವತ್ತು ಎಂತ?" ಎಂದು ಕೇಳುತ್ತಿದ್ದಳು. ಅವನು ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿ, "ಸೆಗಣಿ ಉಂಡೆ" ಎನ್ನುತ್ತಿದ್ದ. ಅವಳು ಕಿರುಚುತ್ತಿದ್ದಳು. ನಾನು ಮಿಶನಿನ ಹತ್ತಿರದಿಂದ ಇಬ್ಬರಿಗೂ ಬೈಯುತ್ತಿದ್ದೆ. ಒಳ್ಳೆಯ ದಿನಗಳು... ಕೆಲವೇ ಆದರೂ ಒಳ್ಳೆಯ ದಿನಗಳು.

ಆ ದಿನ ಅವನು ಬನ್ಸ್ ಮಾಡಿದ. ಕಳಿತ ಬಾಳೆಹಣ್ಣು ಹಾಕಿ ಕಲಸಿದ ಹಿಟ್ಟು, ಎಣ್ಣೆಯಲ್ಲಿ ಕರಿದದ್ದು. ಕರಿದ ತಿಂಡಿಯನ್ನೋ ಮಾಂಸದ ಅಡುಗೆಯನ್ನೋ ದಾರಿಯಲ್ಲಿ ಕೊಂಡುಹೋಗುವಾಗ ಜೊತೆಗೆ ಒಂದು ತುಂಡು ಇದ್ದಿಲು ಇಡುವುದು ನಮ್ಮ ಕಡೆಯ ಪದ್ಧತಿ. ಎಣ್ಣೆಯ ಪರಿಮಳಕ್ಕೆ ದಾರಿಯಲ್ಲಿ ಇರುವಂಥದ್ದು, ಪ್ರೇತವೋ ಪೀಡೆಯೋ, ಏನೂ ಬೆನ್ನು ಹಿಡಿಯಬಾರದು ಎಂದು. ಅಣ್ಣ ಬಚ್ಚಲ ಒಲೆಯಿಂದ ಒಂದು ಚೂರು ತಂದು, ಊದಿ, ಬಾಳೆಲೆಯ ತುಂಡಿನಲ್ಲಿ ಸುತ್ತಿ ಡಬ್ಬಿಯ ಮೂಲೆಗೆ ಸಿಕ್ಕಿಸಿದ. ನಾನು ನೋಡಿದೆ. ನನಗೆ ಏನೂ ಅನಿಸಲಿಲ್ಲ. ನಮ್ಮ ಅಮ್ಮ ಇಡುತ್ತಿದ್ದಳು, ನಾನೂ ತವರಿನಿಂದ ಕೋಳಿಸಾರು ತರುವಾಗ ಇಟ್ಟುಕೊಂಡು ಬಂದವಳೇ.

ಮಧ್ಯಾಹ್ನ ಕ್ಯಾಂಪಿನ ಟೀಚರ್ ಅಂಗಡಿಗೆ ಫೋನ್ ಮಾಡಿ, "ಸ್ವಲ್ಪ ಬಂದು ಹೋಗ್ತೀರಾ?" ಎಂದರು. ಕೊರಳಲ್ಲಿ ಅಳತೆಪಟ್ಟಿ ಇದ್ದ ಹಾಗೆಯೇ ಓಡಿದೆ.

ಹೆದರುವಂಥದ್ದು ಏನೂ ಆಗಿರಲಿಲ್ಲ. ಮಕ್ಕಳು ಹಂಚಿಕೊಂಡು ತಿನ್ನುವಾಗ ಒಬ್ಬ ಹುಡುಗ ಮೂಲೆಯ ಎಲೆ ಬಿಚ್ಚಿ, ಚಾಕಲೇಟು ಎಂದು ತಿಳಿದು ಇದ್ದಿಲನ್ನು ಬಾಯಿಗೆ ಹಾಕಿ ಜಗಿದಿದ್ದ. ಹಲ್ಲು, ತುಟಿ, ಅಂಗಿ ಎಲ್ಲ ಕಪ್ಪು. ಉಳಿದ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅವನ ಅಮ್ಮ ಬಂದಾಗಿತ್ತು. ಪೇಟೆಯ ಒಬ್ಬ ಹಲ್ಲಿನ ಡಾಕ್ಟರ ಹೆಂಡತಿ, ನನ್ನ ದೊಡ್ಡ ಗಿರಾಕಿ. ಅವರ ತಂಗಿಯ ಮದುವೆಯ ರವಿಕೆಗಳೆಲ್ಲ ಆಗ ನನ್ನ ಮಿಶನಿನ ಮೇಲೆಯೇ ಇದ್ದವು.

ಅವರು ಬೈಯಲಿಲ್ಲ. ಇದನ್ನು ಸರಿಯಾಗಿ ಹೇಳಬೇಕು. ಬೈದಿದ್ದರೆ ನಾನು ಹೆದರಿ ಸುಳ್ಳು ಹೇಳಿದೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಅವರು ನಗುತ್ತಿದ್ದರು.

"ಹಲ್ಲಿನ ಡಾಕ್ಟರ ಮಗನಿಗೇ ಮಸಿ ತಿನ್ನಿಸಿದ್ರಲ್ಲ ಮಾರಾಯ್ರೆ!" ಎಂದರು. "ಎಂತ ಇದು, ಟಿಫಿನ್ ಡಬ್ಬಿಯಲ್ಲಿ ಇದ್ದಿಲು? ನೀವೇ ಇಟ್ಟದ್ದಾ?"

"ಅಯ್ಯೋ ಇಲ್ಲ" ಎಂದೆ. ಅಷ್ಟು ಸಾಕಿತ್ತು. ಆದರೆ ಬಾಯಿ ನಿಲ್ಲಲಿಲ್ಲ. "ಮನೆಕೆಲಸಕ್ಕೆ ಒಬ್ಬ ಬಂದಿದ್ದಾನೆ, ಕಡಬದ ಆಚೆಯವ. ಹಳ್ಳಿ ಜನ ನೋಡಿ. ಇದೆಲ್ಲ ಅವನ ಕೆಲಸ."

ಮಗಳು ನನ್ನನ್ನು ನೋಡಲಿಲ್ಲ. ನನ್ನ ಬೆನ್ನ ಹಿಂದೆ, ಗೇಟಿನ ಕಡೆ ನೋಡುತ್ತಿದ್ದಳು. ತಿರುಗಿದರೆ ಅಣ್ಣ, ಮಾತು ಕೇಳಿಸುವಷ್ಟು ಹತ್ತಿರದಲ್ಲಿ. ಅವಳು ಬೆಳಿಗ್ಗೆ ಬಿಟ್ಟು ಬಂದಿದ್ದ ನೀರಿನ ಬಾಟಲಿ ಅವನ ಕೈಯಲ್ಲಿ.

"ಇವರೇನಾ?" ಎಂದರು ಅವರು.

ಮಗಳು "ಮಾ..." ಎಂದು ಬಾಯಿ ತೆರೆದಳು. ನನ್ನ ಕೈ ಅವಳ ಹೆಗಲ ಮೇಲಿತ್ತು. ಒತ್ತಿದೆ. ಜೋರಾಗಿಯೇ ಒತ್ತಿದೆ. ಅವಳು ಬಾಯಿ ಮುಚ್ಚಿದಳು. ಸುಳ್ಳು ಹೇಳಿದ್ದು ಬಾಯಿ. ಅದು ಒಮ್ಮೆ ಜಾರಿತು ಎಂದುಕೊಳ್ಳಬಹುದು. ಆದರೆ ಕೈ ಜಾರಿದ್ದಲ್ಲ. ಕೈಗೆ ತಾನು ಏನು ಮಾಡುತ್ತಿದ್ದೇನೆ ಎಂದು ಗೊತ್ತಿತ್ತು.

ಅಣ್ಣ ನನ್ನ ಮುಖ ನೋಡಿದ. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಅವರ ಕಡೆ ತಿರುಗಿ, "ಹೌದಮ್ಮ, ನಾನೇ ಇಟ್ಟದ್ದು. ಕರಿದ ತಿಂಡಿ ಅಲ್ವಾ, ಅದಕ್ಕೆ. ಮಕ್ಕಳು ಬಾಯಿಗೆ ಹಾಕ್ತಾರೆ ಅಂತ ನನಗೆ ಹೊಳೀಲಿಲ್ಲ. ಇನ್ನು ಇಡುದಿಲ್ಲ" ಎಂದ. ಮತ್ತೆ ಬಾಟಲಿಯನ್ನು ನನ್ನ ಕಡೆ ಚಾಚಿ, "ಮಗು ಬಿಟ್ಟು ಬಂದಿತ್ತು ಮೇಡಮ್" ಎಂದ.

ಗೂಡೆ ಎಂದು ಕರೆಯುವ ಬಾಯಿ ನನ್ನನ್ನು ಮೇಡಮ್ ಎಂದಿತು. ನಾನು ಬಾಟಲಿ ತೆಗೆದುಕೊಂಡೆ.

ಸಂಜೆ ಮನೆಯಲ್ಲಿ ಅವನು ಎಂದಿನ ಹಾಗೆಯೇ ಇದ್ದ. ಗಂಜಿ ಬಡಿಸಿದ, ಉಪ್ಪಿನಕಾಯಿ ಹಾಕಿದ. ಮಗಳು ನನ್ನ ಹತ್ತಿರ ಮಾತಾಡುತ್ತಿರಲಿಲ್ಲ. ಅವನ ಪಕ್ಕ ಕೂತು ಮೆಲ್ಲಗೆ ಕೇಳಿದಳು, "ಮಾವ, ನೀನು ನಮ್ಮನೆ ಕೆಲಸದವನಾ?"

"ಅಲ್ಲದೆ ಮತ್ತೆ?" ಎಂದ ಅಣ್ಣ. "ಬೆಳಿಗ್ಗೆಯಿಂದ ಕೆಲಸ ಮಾಡುದು ಯಾರು? ನಿನ್ನಮ್ಮನಾ? ಅವಳು ಕೂತುಕೊಂಡು ಕಾಲು ಆಡಿಸುದು ಮಾತ್ರ."

ಮಗಳು ನಕ್ಕಳು. ನಾನು ಮಿಶನು ತುಳಿಯುತ್ತಾ ಇದ್ದೆ. ಇನ್ನೂ ಜೋರಾಗಿ ತುಳಿದೆ.

ಮರುದಿನದಿಂದ ಎರಡು ವಿಷಯ ಬದಲಾಯಿತು. ಮಗಳನ್ನು ಬಿಡಲು ಹೋದವನು ಗೇಟಿನ ತನಕ ಹೋಗುತ್ತಿರಲಿಲ್ಲ. ತಿರುವಿನಲ್ಲಿ ಒಂದು ಹಣ್ಣಿನ ಅಂಗಡಿ ಇತ್ತು, ಅದರ ಹತ್ತಿರ ನಿಂತು, ಅವಳು ಒಳಗೆ ಹೋಗುವುದನ್ನು ನೋಡಿ ಹಿಂದೆ ಬರುತ್ತಿದ್ದ. ಇದನ್ನು ನನಗೆ ಹೇಳಿದ್ದು ಹಣ್ಣಿನ ಅಂಗಡಿಯವರು. ಇನ್ನೊಂದು ನಾನೇ ಕಂಡದ್ದು. ಡಬ್ಬಿಗೆ ಮುಚ್ಚಳ ಹಾಕುವ ಮೊದಲು ಅವನು ಅದನ್ನು ನನ್ನ ಹತ್ತಿರ ತಂದು ತೋರಿಸತೊಡಗಿದ.

"ಇದು ಆದೀತಾ?"

ಅದುವರೆಗೆ ಅವನು ಒಮ್ಮೆಯೂ ಹಾಗೆ ಕೇಳಿದವನಲ್ಲ. ಅಡುಗೆಯಲ್ಲಿ ಅವನಷ್ಟು ಧೈರ್ಯದವರನ್ನು ನಾನು ನೋಡಿಲ್ಲ, ಉಪ್ಪು ಸಹ ನಾಲಿಗೆಗೆ ಹಾಕಿ ನೋಡುತ್ತಿರಲಿಲ್ಲ. ಅಂಥವನು ದಿನಾ ಬೆಳಿಗ್ಗೆ ತೆರೆದ ಡಬ್ಬಿ ಹಿಡಿದು ನನ್ನ ಮಿಶನಿನ ಪಕ್ಕ ನಿಲ್ಲುತ್ತಿದ್ದ. "ಆದೀತು ಅಣ್ಣ" ಎನ್ನುತ್ತಿದ್ದೆ. ಸೂಜಿಯಿಂದ ಕಣ್ಣು ತೆಗೆಯದೆ.

ಆ ಡಬ್ಬಿ ಕ್ಯಾಂಪಿನಲ್ಲಿ ಹೆಸರು ಮಾಡಿತು. ಮಕ್ಕಳು ಮನೆಗೆ ಹೋಗಿ, ನಮಗೂ ಅದೇ ಬೇಕು ಎಂದು ಹಟ ಮಾಡತೊಡಗಿದರಂತೆ. ಡಾಕ್ಟರ ಹೆಂಡತಿ ರವಿಕೆ ನೋಡಲು ಬಂದಾಗ, "ನಿಮ್ಮ ಕೆಲಸದವರು ಭಾರೀ ಚಂದ ಅಡುಗೆ ಮಾಡ್ತಾರಂತಲ್ಲ! ನಮಗೊಬ್ಬರು ಅಡುಗೆಯವರು ಬೇಕಿತ್ತು. ನಮ್ಮಲ್ಲಿಗೆ ಕಳಿಸ್ತೀರಾ? ಸಂಬಳ ಒಳ್ಳೆದೇ ಕೊಡ್ತೇವೆ" ಎಂದರು.

ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಅದೇ ನೆಪವಾಯಿತು. ತಲೆಯಾಡಿಸಿ, ಅವರ ತೋಳಿನ ಬಟ್ಟೆಗೆ ಒಂದೊಂದೇ ಸೂಜಿ ಚುಚ್ಚಿ ಮುಗಿಸಿ, "ಅವ ಮಳೆಗೆ ಮೊದಲು ಊರಿಗೆ ಹೋಗ್ತಾನೆ" ಎಂದೆ. ಅದು ಸುಳ್ಳಲ್ಲ. ನಿಜ ಹೇಳಿಯೂ ಸುಳ್ಳನ್ನು ಕಾಪಾಡಬಹುದು ಎಂದು ನನಗೆ ಆವತ್ತು ಗೊತ್ತಾಯಿತು.

ಅವರು ಅಷ್ಟಕ್ಕೆ ಬಿಡಲಿಲ್ಲ. ಮಾರನೆಯ ದಿನ ಕಾರು ನಿಲ್ಲಿಸಿ, ಹಣ್ಣಿನ ಅಂಗಡಿಯ ಹತ್ತಿರ ನಿಂತಿದ್ದ ಅಣ್ಣನನ್ನೇ ಕೇಳಿದರು. ಅವನು ಮನೆಗೆ ಬಂದು, ಅಂಗಿ ತೆಗೆದು ಮೊಳೆಗೆ ಸಿಕ್ಕಿಸುತ್ತಾ ಹೇಳಿದ, "ನಿನ್ನ ಡಾಕ್ಟರ ಹೆಂಡತಿ ನನಗೆ ಕೆಲಸ ಕೊಡ್ತಾರಂತೆ."

"ನೀನು ಎಂತ ಹೇಳಿದೆ?"

"ನಮ್ಮ ಮೇಡಮನ್ನು ಕೇಳಿ ಹೇಳ್ತೇನೆ ಹೇಳಿದೆ."

ನಗುತ್ತಲೇ ಹೇಳಿದ. ಹೇಳಿ ಒಳಗೆ ಹೋಗಲಿಲ್ಲ. ಬಾಗಿಲಿಗೆ ಒರಗಿ ನಿಂತ. ಅವನು ಆ ವಿಷಯ ಎತ್ತಿದ್ದು ಅದೊಂದೇ ಸಲ, ಅದೂ ನಗೆಯಲ್ಲಿ ಸುತ್ತಿ. ಏನಾದರೂ ಹೇಳುತ್ತೇನೆ ಎಂದು ಕಾಯುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು. ತಪ್ಪಾಯಿತು ಅಣ್ಣ, ಎನ್ನಬೇಕಾಗಿಯೂ ಇರಲಿಲ್ಲ. "ನಾಳೆ ನಾನೇ ಅವರಿಗೆ ಹೇಳ್ತೇನೆ, ನೀನು ಯಾರು ಅಂತ" ಎಂದಿದ್ದರೆ ಸಾಕಿತ್ತು.

"ಸುಮ್ಮನಿರು ಅಣ್ಣ. ರವಿಕೆ ಅರ್ಜೆಂಟ್ ಉಂಟು" ಎಂದೆ.

"ಆಯ್ತು, ಹೊಲಿ" ಎಂದ. ಒಳಗೆ ಹೋಗಿ ಅಕ್ಕಿ ನೆನೆಸಿದ.

ಕ್ಯಾಂಪು ಮುಗಿಯುವವರೆಗೆ ಅವನು ಇದ್ದ. ಒಂದು ದಿನವೂ ಬುತ್ತಿ ತಪ್ಪಲಿಲ್ಲ, ಒಂದು ದಿನವೂ ಕೈ ಬಿಗಿ ಮಾಡಲಿಲ್ಲ. ಕೊನೆಯ ದಿನ ಮಕ್ಕಳ ನಾಟಕವಿತ್ತು, ಮನೆಯವರೆಲ್ಲ ಬರಬೇಕು ಎಂದಿದ್ದರು. ಮಗಳಿಗೆ ಅದರಲ್ಲಿ ಆಮೆಯ ಪಾತ್ರ. ಆಮೆಯ ಚಿಪ್ಪನ್ನು ರಟ್ಟು, ಗೋಣಿ ಕತ್ತರಿಸಿ ಮಾಡಿಕೊಟ್ಟವನು ಅಣ್ಣನೇ. ನಾನು ಸೀರೆ ಉಟ್ಟು ಹೊರಟು ಬಾಗಿಲಲ್ಲಿ ನಿಂತು, "ಬರ್ತೀಯಾ?" ಎಂದೆ. ಬಾ ಎನ್ನಲಿಲ್ಲ. ಬರ್ತೀಯಾ ಎಂದೆ.

"ಇಲ್ಲ, ನೀನು ಹೋಗಿ ಬಾ. ನನಗೆ ನಾಳೆ ಬಸ್ಸಿಗೆ ಹೋಗ್ಲಿಕ್ಕುಂಟು, ಮರಗಳಿಗೆ ಪ್ಲಾಸ್ಟಿಕ್ ಕಟ್ಟುವ ಕೆಲಸ ಶುರುವಾಗ್ತದೆ" ಎಂದ. ಮಳೆನೀರು ಹಾಲಿಗೆ ಇಳಿಯದ ಹಾಗೆ ರಬ್ಬರ್ ಮರಕ್ಕೆ ಮಳೆಗಾಲದ ಮೊದಲು ಪ್ಲಾಸ್ಟಿಕ್ ಕಟ್ಟುತ್ತಾರೆ. ನಾಳೆಯ ಬಸ್ಸಿಗೂ ಇವತ್ತಿನ ನಾಟಕಕ್ಕೂ ಸಂಬಂಧವಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನನಗೆ ಹಗುರವಾಯಿತು. ಹೌದು, ಹಗುರವಾಯಿತು ಎಂದೇ ಬರೆಯಬೇಕು.

ಮರುವರ್ಷ ಅವನು ತಾನಾಗಿಯೇ ಫೋನ್ ಮಾಡಿದ. "ಕ್ಯಾಂಪು ಯಾವಾಗ ಗೂಡೆ? ಮರಕ್ಕೆ ರಜೆ ಆಯ್ತು ಇಲ್ಲಿ."

"ಈ ವರ್ಷ ಕ್ಯಾಂಪು ಇಲ್ಲ ಅಣ್ಣ" ಎಂದೆ.

ಇತ್ತು. ಮಗಳು ಹೋದಳು. ಡಬ್ಬಿ ನಾನೇ ಕಟ್ಟಿದೆ, ಅವನು ಕಟ್ಟಿದ ಹಾಗೆಯೇ. ಅವನನ್ನು ಕರೆದರೆ ಮತ್ತೆ ಅದೇ ಗೇಟು, ಅದೇ ಹೆಂಗಸರು, ಆ ಸುಳ್ಳನ್ನು ಇನ್ನೊಂದು ಬೇಸಿಗೆ ಹೊರಬೇಕು, ಇಲ್ಲವೇ ಇಳಿಸಬೇಕು. ಎರಡೂ ಬೇಡವೆಂದು ಅವನನ್ನೇ ಬೇಡವೆಂದೆ. "ಹಾಗಾದ್ರೆ ಸರಿ" ಎಂದು ಅವನು ಫೋನ್ ಇಟ್ಟ. ಅದರ ಮುಂದಿನ ವರ್ಷ ಕೇಳಲಿಲ್ಲ.

ಹಬ್ಬಕ್ಕೆ, ಮದುವೆ ಮುಂಜಿಗೆ ಸಿಗುತ್ತಿದ್ದೆವು. ಜಗಳವಾಗಲಿಲ್ಲ, ಮಾತು ಬಿಡಲಿಲ್ಲ. ಮಗಳಿಗೆ ಹಲಸಿನ ಹಪ್ಪಳ ಕಳಿಸುತ್ತಿದ್ದ. ಒಮ್ಮೆ ಕಡಬಕ್ಕೆ ಹೋಗಿ ಎದುರು ಕೂತು ಎಲ್ಲವನ್ನೂ ಹೇಳಬೇಕು ಎಂದು ಪ್ರತಿ ಬೇಸಿಗೆಯಲ್ಲೂ ಅಂದುಕೊಳ್ಳುತ್ತಿದ್ದೆ. ಮದುವೆಯ ರವಿಕೆಗಳು ಮುಗಿಯಲಿ, ಮಳೆ ಬರಲಿ, ಮಳೆ ಬಿಡಲಿ... ಹೀಗೆ. ಒಂದು ಮಳೆಗಾಲದ ಮೊದಲು ಅವನು ಮರಕ್ಕೆ ಪ್ಲಾಸ್ಟಿಕ್ ಕಟ್ಟುತ್ತಿದ್ದವನು ಸುಸ್ತು ಎಂದು ಬುಡದಲ್ಲಿ ಕೂತನಂತೆ. ಜೊತೆಯವರು ಬಂದು ಕರೆದಾಗ ಏಳಲಿಲ್ಲ.

ನಮ್ಮಲ್ಲಿ ಸತ್ತವರ ಉತ್ತರಕ್ರಿಯೆಯ ದಿನ ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯಲ್ಲಿ ಬಡಿಸಿ ಇಡುತ್ತಾರೆ. ಅಡುಗೆಗೆ ನಿಂತ ಚಿಕ್ಕಮ್ಮ ಬಂದು, "ನಿನ್ನ ಅಣ್ಣನಿಗೆ ಯಾವುದು ಹೆಚ್ಚು ಇಷ್ಟ? ಬೇಗ ಹೇಳು ಮಾರಾಯ್ತಿ, ಒಲೆ ಖಾಲಿ ಉಂಟು" ಎಂದರು. ಒಂದು ಬೇಸಿಗೆ ಪೂರ್ತಿ ಅವನು ನನ್ನ ಮಗಳಿಗೆ ದಿನಕ್ಕೊಂದು ಬಗೆ ಕಟ್ಟಿದ. ಡಬ್ಬಿಗೆ ಹಿಡಿಸದೆ ಉಳಿದದ್ದು, ಅಂಚು ಹರಿದದ್ದು, ಆಕಾರ ಕೆಟ್ಟದ್ದು, ಅದೇ ಅವನ ಊಟ. ಒಲೆಯ ಹತ್ತಿರ ನಿಂತೇ ತಿನ್ನುತ್ತಿದ್ದ. ಅವನಿಗೆ ಏನು ಇಷ್ಟ ಎಂದು ನಾನು ಕೇಳಿರಲಿಲ್ಲ.

"ಎಲ್ಲವೂ ಇಷ್ಟ" ಎಂದೆ. ಚಿಕ್ಕಮ್ಮ ಏನೇನೋ ಮಾಡಿ ಬಡಿಸಿದರು.

ಈಗ ಮಗಳಿಗೆ ಸುಳ್ಯದಲ್ಲಿ ಕೆಲಸ, ಅಲ್ಲೇ ಸಂಸಾರ. ಅವಳ ಮಗಳನ್ನು ಈ ವರ್ಷ ಪುತ್ತೂರಿನ ಕ್ಯಾಂಪಿಗೆ ಸೇರಿಸಿ ನನ್ನಲ್ಲಿ ಬಿಟ್ಟಳು. ಬಸ್ಸು ಇಳಿದ ದಿನ ಸಂಜೆ ಫೋನ್ ಮಾಡಿ, "ಅಮ್ಮ, ಡಬ್ಬಿಗೆ ಎಂತ ಕಟ್ತೀ? ಅವಳಿಗೆ ಎರಡು ದಿನ ಒಂದೇ ಆದ್ರೆ ಆಗುದಿಲ್ಲ" ಎಂದಳು.

"ನಿನಗೆ ನಿನ್ನ ಮಾವ ಕಟ್ಟುತ್ತಿದ್ದದ್ದೇ ಕಟ್ತೇನೆ" ಎಂದೆ.



"ಈಗ ಮಾವ ಆದ್ರಾ?" ಎಂದಳು.

ಇಷ್ಟು ವರ್ಷದಲ್ಲಿ ಅವಳು ಆ ದಿನದ ಬಗ್ಗೆ ನನ್ನ ಹತ್ತಿರ ಆಡಿದ ಮಾತು ಇದೊಂದೇ. ಅಷ್ಟು ಹೇಳಿ ಅವಳೇ ಮಗುವಿನ ಶೀತದ ಔಷಧಿಯ ವಿಷಯಕ್ಕೆ ಹೋದಳು.

ಈ ಕ್ಯಾಂಪು ನಡೆಯುವುದು ಬೇರೆ ಕಟ್ಟಡದಲ್ಲಿ, ಬೇರೆ ರಸ್ತೆಯಲ್ಲಿ. ಮೊನ್ನೆ ಸಂಜೆ ಮೊಮ್ಮಗಳನ್ನು ಕರೆದುಕೊಂಡು ಬರಲು ಹೋದೆ. ಐದಾರು ಜನ ತಾಯಂದಿರು ನಿಂತಿದ್ದರು. ಟೀಚರ್ ಎಳೆಯ ಹುಡುಗಿ, ನನ್ನ ಮಗಳಿಗಿಂತಲೂ ಸಣ್ಣವಳು. ಬಂದವಳೇ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, "ಅಜ್ಜಿ, ನಿಮ್ಮ ಮೊಮ್ಮಗಳು ಡಬ್ಬಿ ಬಿಚ್ಚುದನ್ನು ನೋಡ್ಲಿಕ್ಕೆ ಮಕ್ಕಳೆಲ್ಲ ಕಾದು ಕೂತುಕೊಳ್ತಾರೆ ಗೊತ್ತುಂಟಾ? ದಿನಾ ಬೇರೆ ಬೇರೆ! ಎಲ್ಲಿ ಕಲ್ತದ್ದು ನೀವು ಇದೆಲ್ಲ?"

ತಾಯಂದಿರು ನನ್ನ ಕಡೆ ತಿರುಗಿದರು.

"ನನ್ನ ಅಣ್ಣ ಕಲಿಸಿದ್ದು" ಎಂದೆ. "ಸ್ವಂತ ಅಣ್ಣ. ಕಡಬದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡ್ತಿದ್ದ. ನನ್ನ ಮಗಳು ಕ್ಯಾಂಪಿಗೆ ಹೋಗುವಾಗ ನನ್ನ ಮನೆಯಲ್ಲಿ ನಿಂತು ದಿನಾ ಅವನೇ ಕಟ್ಟಿಕೊಟ್ಟದ್ದು."

"ಹೌದಾ! ಅವರು ಈಗ...?"

"ಇಲ್ಲ."

"ಅಯ್ಯೋ" ಎಂದಳು ಟೀಚರ್. ಅಷ್ಟರಲ್ಲಿ ಯಾವುದೋ ಮಗು ಚಪ್ಪಲಿ ಕಾಣುವುದಿಲ್ಲ ಎಂದು ಅಳತೊಡಗಿತು. ಅವಳು ಆ ಕಡೆ ಹೋದಳು. ತಾಯಂದಿರಲ್ಲಿ ಒಬ್ಬರು ಪುಂಡಿಯ ಒಗ್ಗರಣೆಗೆ ಇಂಗು ಹಾಕುತ್ತೀರಾ ಎಂದು ಕೇಳಿದರು. ಯಾರ ಮುಖವೂ ಬದಲಾಗಲಿಲ್ಲ. ಯಾರೂ ನನ್ನನ್ನು ಕೀಳಾಗಿ ನೋಡಲಿಲ್ಲ. ಆ ದಿನ ಹೇಳಿದ್ದರೂ ಹೀಗೆಯೇ ಆಗುತ್ತಿತ್ತು. ಡಾಕ್ಟರ ಹೆಂಡತಿ ಇನ್ನೊಮ್ಮೆ ನಕ್ಕು, ಮಗನ ಬಾಯಿ ತೊಳೆಸಿ ಮನೆಗೆ ಹೋಗುತ್ತಿದ್ದರು.

ಹೇಳುವುದು ಇಷ್ಟು ಸುಲಭ ಎಂದು ನನಗೆ ಆಗ ಗೊತ್ತಿರಲಿಲ್ಲ ಎಂದು ಬರೆದು ಮುಗಿಸಬಹುದು. ಓದುವವರು ನಂಬಿಯೂ ನಂಬುತ್ತಾರೆ. ಆದರೆ ಅವನ ವಿಷಯದಲ್ಲಿ ಇನ್ನೊಂದು ಸುಳ್ಳು ಬೇಡ.

ಗೊತ್ತಿತ್ತು.